ಪೌರತ್ವದ ಅರ್ಜಿ ಹಾಕಲೇ, ಊರಿಗೆ ಮರಳಲೇ? ಪರದೇಶದ ಸುದ್ದಿಮನೆಯಲ್ಲಿರುವ ಮಾನ್ವಿಯವಳ ಪ್ರಶ್ನೆ

ಎಡದಂಡೆಯವಳು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನವಳು. 2005ರಲ್ಲಿ ಕಲಬುರಗಿಯಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿ ಹುಬ್ಬಳ್ಳಿಯ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್, ಅಂದರೆ ಸುದ್ದಿ ತಿದ್ದುವ ವಿಭಾಗ, ಸೇರಿದೆ. ಮೂರು ವರ್ಷದ ನಂತರ ಬೆಂಗಳೂರಿನ ಒಂದು ಕನ್ನಡ ಸುದ್ದಿತಾಣಕ್ಕೆ, 2012ರಲ್ಲಿ ದುಬೈಗೆ, 2017ರಲ್ಲಿ ಲಂಡನ್ನಿಗೆ ಬಂದೆ. ಈಗ ಇಲ್ಲಿನ ಒಂದು ಇಂಗ್ಲಿಷ್ ಸುದ್ದಿತಾಣದಲ್ಲಿ ಸಂಜೆ ಪಾಳಿಯ ಸಂಪಾದಕಿಯಾಗಿದ್ದೇನೆ. ಕಾಯಂ ವಾಸದ ಪರವಾನಗಿ ಸಿಕ್ಕು ಎರಡು ವರ್ಷಕ್ಕೂ ಮೇಲಾಯಿತು. ಪೌರತ್ವದ ಅರ್ಜಿಯನ್ನು ತುಂಬಿಟ್ಟಿದ್ದೇನೆ, ಆದರೆ ಕಳುಹಿಸಲು ಮನಸ್ಸು ಬರುತ್ತಿಲ್ಲ.

ಮನಸ್ಸು ಬಾರದಿರುವುದಕ್ಕೆ ಒಂದು ರಾತ್ರಿ ಕಾರಣ. 2024ರ ಆಗಸ್ಟ್ 10, ಶನಿವಾರ. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ಊರಿನಲ್ಲಿ ಜನ ಮಲಗುವ ಹೊತ್ತು, ಲಂಡನ್ನಿನಲ್ಲಿ ಇನ್ನೂ ಬಿಸಿಲಿತ್ತು, ನನ್ನ ಪಾಳಿ ನಡೆಯುತ್ತಿತ್ತು. ಸುದ್ದಿ ಬಂದ ಸ್ವಲ್ಪ ಹೊತ್ತಿಗೆ ಸಹೋದ್ಯೋಗಿಯೊಬ್ಬರು 'ಭಾರತದಲ್ಲಿ ಅಣೆಕಟ್ಟು ಒಡೆಯಿತು' ಎಂಬ ಅರ್ಥದ ಶೀರ್ಷಿಕೆ ಬರೆದು, ಓದುಗರ ಫೋನುಗಳಿಗೆ ತುರ್ತು ಸೂಚನೆ ಕಳುಹಿಸಲು ನನ್ನ ಒಪ್ಪಿಗೆ ಕೇಳಿದರು. ನಾನು ತಡೆದೆ. ಒಡೆದದ್ದು ಅಣೆಕಟ್ಟಲ್ಲ, 33 ಗೇಟುಗಳಲ್ಲಿ ಒಂದು ಹೋಗಿದೆ, ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದಿದ್ದಾರೆ, ನೀರು ಕಂಡು ಜನ ಹೆದರಿರುವುದು ಅದಕ್ಕೇ ಎಂದು ವಿವರಿಸಿದೆ. ಆ ಒಂದು ಗೇಟಿನಿಂದ ಸುಮಾರು 35,000 ಕ್ಯೂಸೆಕ್ ಹರಿಯುತ್ತಿದೆ ಎಂದರೆ ಇಲ್ಲಿನ ಓದುಗರಿಗೆ ಏನೂ ತಿಳಿಯುವುದಿಲ್ಲ. ಅದನ್ನು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಲೀಟರ್ ಎಂದು ಮಾಡಿದೆ. ಜಲಾಶಯದ 105 ಟಿಎಂಸಿ ನೀರು ಎಂಬುದನ್ನು ಸುಮಾರು ಮುನ್ನೂರು ಕೋಟಿ ಘನಮೀಟರ್ ಎಂದು ಮಾಡಿದೆ. ಆ ನೀರು ಯಾರ ಗದ್ದೆಯ ನೀರು ಎಂಬ ಒಂದು ಪ್ಯಾರಾ ಸೇರಿಸಿದೆ. ಇಪ್ಪತ್ತು ವರ್ಷದ ವೃತ್ತಿಯಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ಅಂದು ಅನ್ನಿಸಿತು.

ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹೇಳಿದ್ದು ಇಷ್ಟು: "ನೀ ಅಲ್ಲಿ ಕುಂತು ನಮ್ಮ ಡ್ಯಾಮಿನ ಸುದ್ದಿ ಹಾಕಿದಿ ಅಂತ ನಿಮ್ಮಣ್ಣ ಹೇಳಿದ. ನಮಗ ರಾತ್ರಿಯೆಲ್ಲಾ ಡ್ಯಾಮ್ ಒಡದೈತಿ ಅಂತನ ಫೋನ್ ಬಂದ್ವು. ನಮಗ್ಯಾಕ ಹೇಳಲಿಲ್ಲವ್ವಾ?"

2012ರಿಂದ ಈಚೆಗೆ ನಾನು ತಿದ್ದಿದ ಒಂದು ಸಾಲನ್ನೂ ಅಪ್ಪ ಓದಿಲ್ಲ. ಅವರಿಗೆ ಇಂಗ್ಲಿಷ್ ಬಾರದು. ದುಡಿಯಲು ಊರು ಬಿಡುವುದಕ್ಕೆ ನಮ್ಮ ಕಡೆ ಗುಳೆ ಎನ್ನುತ್ತೇವೆ. ನನ್ನದೂ ಗುಳೆಯೇ ಎಂದು ಈಗ ಅನ್ನಿಸುತ್ತಿದೆ. ಪೌರತ್ವ ಪಡೆದು ಇಲ್ಲೇ ಉಳಿಯಬೇಕೇ, ಬಿಟ್ಟು ಬಂದು ರಾಯಚೂರಿನಲ್ಲಿ ಏನಾದರೂ ಮಾಡಬೇಕೇ? ಅನುಭವ ಇದ್ದವರು ಮುಚ್ಚುಮರೆಯಿಲ್ಲದೆ ಹೇಳಿ.

ಕೊಪ್ಪಳದ ವಿದ್ಯಾರ್ಥಿ

ಅಕ್ಕಾವರೆ, ನಾನು ಪತ್ರಿಕೋದ್ಯಮದ ಎರಡನೇ ವರ್ಷದಲ್ಲಿದ್ದೇನೆ. ಡಿಜಿಟಲ್ ಸಂಪಾದಕರು ದಿನವೂ ನಿಜವಾಗಿ ಮಾಡುವ ಕೆಲಸ ಏನೆಂದು ನಮ್ಮ ಪಠ್ಯದಲ್ಲಿ ಎಲ್ಲಿಯೂ ಇಲ್ಲ. ದಯವಿಟ್ಟು ಅದನ್ನೂ ಸ್ವಲ್ಪ ಬರೆಯಿರಿ.

ದೇವದುರ್ಗದ ಮಗ

ಗುಳೆ ಎಂಬ ಮಾತನ್ನು ನೀವು ಬಳಸಿದ್ದು ನನಗೆ ಸರಿ ಕಾಣಲಿಲ್ಲ. ನಾನು ಮೂರನೇ ತರಗತಿಯಲ್ಲಿದ್ದಾಗ ನಮ್ಮ ಅಪ್ಪ ಅವ್ವ ಹಿಟ್ಟಿನ ಚೀಲ, ಪಾತ್ರೆ, ಹಾಸಿಗೆ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಾನು ಅಜ್ಜಿಯ ಬಳಿ ಉಳಿಯುತ್ತಿದ್ದೆ. ನನ್ನ ತಂಗಿ ಅವರೊಡನೆ ಹೋಗಿ ಶಾಲೆ ಬಿಟ್ಟಳು. ಮಳೆ ಕೈಕೊಟ್ಟ ವರ್ಷ ಹೋಗಲೇಬೇಕು, ಹೋಗದಿದ್ದರೆ ಸಾಲದ ಬಡ್ಡಿ ನಿಲ್ಲುವುದಿಲ್ಲ. ನೀವು ಸಂದರ್ಶನ ಕೊಟ್ಟು, ಸಂಬಳ ಮಾತಾಡಿ, ವಿಮಾನ ಹತ್ತಿದವರು. ನಿಮ್ಮ ನೋವು ಸುಳ್ಳು ಎನ್ನುವುದಿಲ್ಲ, ಆದರೆ ಅದಕ್ಕೆ ಬೇರೆ ಹೆಸರು ಹುಡುಕಿಕೊಳ್ಳಿ.

ಎಡದಂಡೆಯವಳು

ನೀವು ಹೇಳಿದ್ದು ನ್ಯಾಯ. ಆ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ನಮ್ಮ ಮನೆಯಲ್ಲಿ ಕಾಲುವೆಯ ನೀರಿತ್ತು, ಅದರಿಂದಲೇ ನಾನು ಓದಿದೆ.

ವಿದ್ಯಾರ್ಥಿಗೆ ಉತ್ತರ: ಪತ್ರಿಕೆಯಲ್ಲಿ ಪುಟ ಒಮ್ಮೆ ಅಚ್ಚಿಗೆ ಹೋದರೆ ಆ ದಿನದ ಮಟ್ಟಿಗೆ ಕೆಲಸ ಮುಗಿಯಿತು, ಸುದ್ದಿತಾಣದಲ್ಲಿ ಪುಟ ಯಾವಾಗಲೂ ತೆರೆದೇ ಇರುತ್ತದೆ. ಪಾಳಿ ಶುರುವಾದಾಗ ಹಿಂದಿನ ಪಾಳಿಯವರು ಬರೆದಿಟ್ಟ ಟಿಪ್ಪಣಿ ಓದುತ್ತೇನೆ. ಯಾವ ಸುದ್ದಿ ಬೆಳೆಯುತ್ತಿದೆ, ಯಾವುದಕ್ಕೆ ವಕೀಲರ ಒಪ್ಪಿಗೆ ಬಾಕಿ ಇದೆ, ಯಾವ ವರದಿಗಾರ ನಿದ್ದೆಯಿಲ್ಲದೆ ದುಡಿಯುತ್ತಿದ್ದಾನೆ, ಎಲ್ಲ ಅದರಲ್ಲಿರುತ್ತದೆ. ಪಕ್ಕದ ಪರದೆಯಲ್ಲಿ ಯಾವ ಸುದ್ದಿಯನ್ನು ಈ ಕ್ಷಣ ಎಷ್ಟು ಜನ ಓದುತ್ತಿದ್ದಾರೆ ಎಂಬ ಅಂಕಿ ಓಡುತ್ತಿರುತ್ತದೆ, ಅದನ್ನು ನೋಡಿಯೂ ಅದಕ್ಕೆ ಪೂರ್ತಿ ಶರಣಾಗದಿರುವುದು ಈ ಕೆಲಸದ ದೊಡ್ಡ ಕಷ್ಟ. ಒಂದೇ ಸುದ್ದಿಗೆ ಮುಖಪುಟಕ್ಕೊಂದು, ಹುಡುಕಾಟದ ತಾಣಕ್ಕೊಂದು, ಫೋನಿನ ಸೂಚನೆಗೊಂದು ಹೀಗೆ ಮೂರು ಶೀರ್ಷಿಕೆ ಬರೆಯುತ್ತೇವೆ. ತಪ್ಪಾದರೆ ಸುಮ್ಮನೆ ಅಳಿಸುವಂತಿಲ್ಲ, ಏನನ್ನು ಯಾವಾಗ ತಿದ್ದಿದೆವೆಂದು ಕೆಳಗೆ ಬರೆಯಬೇಕು. ಆದರೆ ಫೋನಿಗೆ ಹೋದ ಸೂಚನೆಯನ್ನು ಮರಳಿ ಕರೆಯಲಾಗದು. ಅದಕ್ಕೇ ಆ ರಾತ್ರಿ 'ಒಡೆಯಿತು' ಎಂಬ ಪದಕ್ಕೆ ನಾನು ಅಷ್ಟು ಹೆದರಿದ್ದು. ಇಷ್ಟೆಲ್ಲ ಮಾಡಿದರೂ ನಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ, ಬೈಲೈನ್ ವರದಿಗಾರರದ್ದು.

ಹಳೆಯ ಉಪಸಂಪಾದಕ, ಬಳ್ಳಾರಿ

ತಂಗಿ, ಹೆಸರು ಬಾರದ ಕೆಲಸ ಎಂದಿರಿ. ನಾನು ಮೂವತ್ತು ವರ್ಷ ಅದನ್ನೇ ಮಾಡಿ ನಿವೃತ್ತನಾದೆ. ಬೈಲೈನ್ ಇಲ್ಲದ್ದಕ್ಕೆ ಒಂದು ದಿನವೂ ಬೇಸರವಾಗಲಿಲ್ಲ. ಬೇಸರವಾದದ್ದು ಸುದ್ದಿಯ ಊರಿಗೂ ಸುದ್ದಿ ತಿದ್ದುವವನಿಗೂ ನಂಟು ಕಡಿದುಹೋದಾಗ.

2009ರ ಅಕ್ಟೋಬರ್ ನೆನಪಿದೆಯೇ? ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿತು, ನಮ್ಮ ನದಿದಂಡೆಯ ಹಳ್ಳಿಗಳು ನೀರಲ್ಲಿ ನಿಂತವು. ಫೋನುಗಳು ಸತ್ತಿದ್ದವು. ನಮ್ಮ ಅರೆಕಾಲಿಕ ವರದಿಗಾರರೊಬ್ಬರು ಮೊಣಕಾಲು ನೀರಿನಲ್ಲಿ ನಡೆದು ಬಂದು, ಯಾವ ಊರಿನ ಯಾವ ಓಣಿಯವರು ಯಾವ ಶಾಲೆಯಲ್ಲಿದ್ದಾರೆಂದು ಬಾಯಿಂದ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮರುದಿನ ಪತ್ರಿಕೆ ತೆಗೆದುಕೊಳ್ಳಲು ಬಂದವರು ಮುಖಪುಟ ಬಿಟ್ಟು ಆ ಪಟ್ಟಿಯನ್ನೇ ಓದುತ್ತಿದ್ದರು. ನೀವು ಆಗ ಬೆಂಗಳೂರಿನ ತಾಣದಲ್ಲಿದ್ದಿರಬೇಕು.

ಎಡದಂಡೆಯವಳು

ಹೌದು ಸರ್, ಅಲ್ಲೇ ಇದ್ದೆ. ಜಿಲ್ಲೆಗಳಿಂದ ಬರುತ್ತಿದ್ದ ಸುದ್ದಿಯ ಪ್ರತಿ 'ನುಡಿ' ಎಂಬ ತಂತ್ರಾಂಶದ ಅಕ್ಷರದಲ್ಲಿರುತ್ತಿತ್ತು. ಅಂತರಜಾಲಕ್ಕೆ ಯೂನಿಕೋಡ್ ಎಂಬ ಬೇರೆ ಅಕ್ಷರ ಸಂಕೇತ ಬೇಕಿತ್ತು. ಪರಿವರ್ತಿಸಿದಾಗ ಅರ್ಕಾವೊತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ ಹೋಗಿ ಬೀಳುತ್ತಿದ್ದವು. ನೆರೆಯ ಆ ವಾರ ಸುದ್ದಿ ಕೈಯಲ್ಲಿದ್ದರೂ ಊರಿನ ಹೆಸರುಗಳನ್ನು ಒಂದೊಂದಾಗಿ ಕೈಯಿಂದ ತಿದ್ದಿ ಹಾಕುವಷ್ಟರಲ್ಲಿ ತಾಸು ಕಳೆಯುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಜೊತೆಗೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ'. ಆ ಅಕ್ಷರದಲ್ಲೇ ನಾನು ತುಂಗಭದ್ರೆಯ ನೆರೆಯ ಸುದ್ದಿ ಹಾಕಿದೆ. ಆಗ ಅಪ್ಪ ರಾಯಚೂರಿನ ಸೈಬರ್ ಕೆಫೆಯಲ್ಲಿ ಅಣ್ಣನಿಂದ ತೆಗೆಸಿ ಓದಿದ್ದರು.

ಇಂಗ್ಲಿಷ್ ಕಲಿತದ್ದೂ ಆ ಡೆಸ್ಕಿನಲ್ಲೇ. ಪಿಟಿಐ ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯನ್ನು ರಾತ್ರಿಯಿಡೀ ಕನ್ನಡಕ್ಕೆ ತರುತ್ತಾ ತರುತ್ತಾ, ಇಂಗ್ಲಿಷ್ ಸುದ್ದಿಯ ಕಟ್ಟು ಹೇಗಿರುತ್ತದೆಂಬುದು ಕೈಗೆ ಬಂತು.

ಕೋಟೆ ಕೆಳಗಿನವನು

ಪರದೇಶಕ್ಕೆ ಹೋದ ಸಂಪಾದಕರ ಮಾತು ಬಂದದ್ದರಿಂದ ಒಂದು ವಿಷಯ. ಕನ್ನಡದ ಮೊದಲ ಪತ್ರಿಕೆ ನಮ್ಮ ಬಳ್ಳಾರಿಯಲ್ಲಿ ಹುಟ್ಟಿತು, ಅದರ ಸಂಪಾದಕ ಜರ್ಮನಿಯಿಂದ ವಲಸೆ ಬಂದ ಹರ್ಮನ್ ಮೋಗ್ಲಿಂಗ್. ಪರದೇಶದವನು ಇಲ್ಲಿ ಬಂದು ಕನ್ನಡದಲ್ಲಿ ಸುದ್ದಿ ಕೊಟ್ಟ. ನಮ್ಮವರು ಅಲ್ಲಿ ಹೋಗಿ ಇಂಗ್ಲಿಷಿನಲ್ಲಿ ಕೊಡುತ್ತಿದ್ದಾರೆ.

ಮಸ್ಕಿ ಮಾಸ್ತರ

ಸಣ್ಣ ತಿದ್ದುಪಡಿ. ಪತ್ರಿಕೆ ಹುಟ್ಟಿದ್ದು ಮಂಗಳೂರಿನಲ್ಲಿ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಹೆಸರಿನಿಂದ ಕಲ್ಲಚ್ಚಿನಲ್ಲಿ ಹೊರಟಿತು. ಜುಲೈ 1ನ್ನು ನಾವು ಪತ್ರಿಕಾ ದಿನ ಎಂದು ಆಚರಿಸುವುದು ಅದರಿಂದಲೇ. 1844ರಲ್ಲಿ ಬಳ್ಳಾರಿಗೆ ಬಂದು, ಅಚ್ಚುಮೊಳೆಯಲ್ಲಿ ಮುದ್ರಣವಾಗಿ, 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು. ಊರಿನ ಹೆಸರಿದ್ದ ಪತ್ರಿಕೆ ನಾಡಿನ ಹೆಸರು ಪಡೆದದ್ದು ಬಳ್ಳಾರಿಯಲ್ಲಿ ಎನ್ನುವುದು ನಮಗೆ ಸಾಕಷ್ಟು ಹೆಮ್ಮೆಯ ವಿಷಯವೇ, ಹುಟ್ಟನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

ಕೋಟೆ ಕೆಳಗಿನವನು

ಒಪ್ಪಿದೆ ಮಾಸ್ತರೇ. ಆದರೆ ನನ್ನ ಮಾತಿನ ತಿರುಳು ಹಾಗೆಯೇ ನಿಲ್ಲುತ್ತದೆ. ಮೋಗ್ಲಿಂಗ್ ಅವರನ್ನು ನಾವು ನೆನೆಯುವುದು ಅವರು ಎಲ್ಲಿಂದ ಬಂದರೆಂದಲ್ಲ, ಯಾರ ಭಾಷೆಯಲ್ಲಿ ಬರೆದರೆಂದು.

ದುಬೈ ವಾಸಿ, ಮೂಲ ಸಿರುಗುಪ್ಪ

ನಾನು ಇಲ್ಲಿ ಹದಿಮೂರು ವರ್ಷದಿಂದ ಇಂಗ್ಲಿಷ್ ಡೆಸ್ಕಿನಲ್ಲಿದ್ದೇನೆ. ಇಲ್ಲಿನ ದೊಡ್ಡ ಇಂಗ್ಲಿಷ್ ಪತ್ರಿಕೆಗಳೆರಡೂ 1978ರಲ್ಲಿ ಹುಟ್ಟಿದವು. ಅಂದಿನಿಂದ ಭಾರತದ ಉಪಸಂಪಾದಕರಿಗೆ ಇದು ದುಡಿಯುವ ಊರು. ಕೇರಳದವರು ಹೆಚ್ಚು, ಅವರಲ್ಲಿ ಒಬ್ಬರು ಬಂದರೆ ಇನ್ನೊಬ್ಬರಿಗೆ ದಾರಿ ತೋರಿಸುತ್ತಾರೆ. ನಮ್ಮ ಕಡೆಯವರಿಗೆ ಅಂತಹ ಕೊಂಡಿ ಇರಲಿಲ್ಲ, ಬಂದವರು ಒಂಟಿಯಾಗಿಯೇ ಬಂದೆವು.

ಇಲ್ಲಿ ಹೆಚ್ಚಿನವರ ವೀಸಾ ಮಾಲೀಕರ ಕೈಯಲ್ಲಿರುತ್ತದೆ. 2020ರಲ್ಲಿ ನಾನಿದ್ದ ಸಂಸ್ಥೆ ಒಂದೇ ವಾರದಲ್ಲಿ ಅರ್ಧ ಡೆಸ್ಕನ್ನು ಮನೆಗೆ ಕಳುಹಿಸಿತು. ಕೆಲಸ ಹೋದರೆ ದೇಶವೂ ಹೋಯಿತು, ಮಕ್ಕಳ ಶಾಲೆಯೂ ಹೋಯಿತು. ಎಷ್ಟು ವರ್ಷ ದುಡಿದರೂ ಪೌರತ್ವದ ಮಾತಿಲ್ಲ. ಆದ್ದರಿಂದ ಅಕ್ಕ, ಸಿಗುವುದನ್ನು ಬಿಡಬೇಡಿ ಎಂದೇ ನಾನು ಹೇಳುವೆ. ಕೈಯಲ್ಲಿ ಗಟ್ಟಿ ಕಾಗದ ಇದ್ದವರು ಮಾತ್ರ ಮಾಲೀಕರ ಮುಂದೆ 'ಈ ಶೀರ್ಷಿಕೆ ತಪ್ಪು' ಎಂದು ಧೈರ್ಯವಾಗಿ ಹೇಳಬಲ್ಲರು.

ಕುಷ್ಟಗಿಯಿಂದ ಟೊರಾಂಟೊ

ದುಬೈ ಸಹೋದರರ ಕೊನೆಯ ಮಾತು ಅರ್ಧ ಸತ್ಯ. ನನ್ನ ಬಳಿ ಕೆನಡಾದ ಗಟ್ಟಿ ಕಾಗದ ಇದೆ, ಆದರೂ ಕೆಲಸ ಹೋಯಿತು.

2023ರ ಆಗಸ್ಟ್‌ನಿಂದ ಮೆಟಾ ಕಂಪನಿ ಕೆನಡಾದಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಸುದ್ದಿಯನ್ನೇ ನಿಲ್ಲಿಸಿತು. ಸುದ್ದಿಗೆ ಹಣ ಕೊಡಬೇಕೆಂಬ ಇಲ್ಲಿನ ಹೊಸ ಕಾನೂನಿಗೆ ಅದು ಕೊಟ್ಟ ಉತ್ತರ. ಅದೇ ತಿಂಗಳು ಉತ್ತರದ ಯೆಲ್ಲೋನೈಫ್ ಪಟ್ಟಣದತ್ತ ಕಾಡ್ಗಿಚ್ಚು ಬಂತು, ಸುಮಾರು ಇಪ್ಪತ್ತು ಸಾವಿರ ಜನ ಊರು ಬಿಡಬೇಕಾಯಿತು. ಬೆಂಕಿ ಎಲ್ಲಿದೆ, ಯಾವ ರಸ್ತೆ ತೆರೆದಿದೆ ಎಂಬ ಸುದ್ದಿಯ ಕೊಂಡಿಯನ್ನು ಜನ ಒಬ್ಬರಿಗೊಬ್ಬರು ಫೇಸ್‌ಬುಕ್ಕಿನಲ್ಲಿ ಹಂಚಿಕೊಳ್ಳಲಾಗಲಿಲ್ಲ. ಪರದೆಯ ಚಿತ್ರ ತೆಗೆದು ಹಂಚಿದರು, ಅದರಲ್ಲಿ ಹಳೆಯದು ಯಾವುದು ಹೊಸದು ಯಾವುದು ತಿಳಿಯುತ್ತಿರಲಿಲ್ಲ. ನಾನಿದ್ದ ಸಣ್ಣ ತಾಣದ ಓದುಗರಲ್ಲಿ ಹೆಚ್ಚಿನವರು ಬರುತ್ತಿದ್ದದ್ದೇ ಆ ದಾರಿಯಿಂದ. ಮುಂದಿನ ವರ್ಷ ನಮ್ಮ ಡೆಸ್ಕ್ ಮುಚ್ಚಿತು.

ಈಗ ಹುಡುಕಾಟದ ಪುಟದಲ್ಲೇ ಯಂತ್ರ ಬರೆದ ಸಾರಾಂಶ ಬರುತ್ತಿದೆ, ಓದುಗ ಮೂಲ ಸುದ್ದಿಯ ತಾಣಕ್ಕೆ ಬರುವ ಅಗತ್ಯವೇ ಕಡಿಮೆಯಾಗುತ್ತಿದೆ. ನಮ್ಮ ವೃತ್ತಿ ಗಟ್ಟಿ ನೆಲದ ಮೇಲಿದೆ ಎಂದು ಯಾರೂ ತಿಳಿಯಬಾರದು. ಪೌರತ್ವದಿಂದ ನೌಕರಿ ಉಳಿಯುವುದಿಲ್ಲ. ಮಿತ್ರರೇ, ನಿಮ್ಮ ಮಾತಿನಲ್ಲಿ ನಾನು ಒಪ್ಪುವುದು ಒಂದೇ: ಕೆಲಸ ಹೋದ ಮೇಲೂ ನನ್ನ ಮಗಳ ಶಾಲೆ ಬದಲಾಗಲಿಲ್ಲ.

ರಾಯಚೂರು ಕೋರ್ಟ್ ರಸ್ತೆ

ನಾನು ವಕೀಲ. ಭಾವನೆಯ ಮಾತು ಬಹಳ ಆಯಿತು, ಸ್ವಲ್ಪ ಕಾನೂನು ನೋಡೋಣ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣವೇ ಭಾರತದ ಪೌರತ್ವ ಮುಗಿಯುತ್ತದೆ. ನಂತರ ಸಾಗರೋತ್ತರ ಭಾರತೀಯರ ಕಾರ್ಡು, ಅಂದರೆ ಓಸಿಐ, ಸಿಗುತ್ತದೆ. ಬಂದು ಹೋಗಲು ಅದು ಸಾಕು, ಮತದಾನದ ಹಕ್ಕಿಲ್ಲ.

ನಿಮಗೆ ಮುಖ್ಯವಾದದ್ದು ಬೇರೆ ಇದೆ. 2021ರ ಮಾರ್ಚ್ 4ರ ಗೃಹ ಸಚಿವಾಲಯದ ಅಧಿಸೂಚನೆಯ ಪ್ರಕಾರ ಓಸಿಐ ಕಾರ್ಡುದಾರರು ಭಾರತದಲ್ಲಿ ಪತ್ರಿಕೋದ್ಯಮದ ಕೆಲಸ ಮಾಡಬೇಕಾದರೆ ವಿಶೇಷ ಅನುಮತಿ ಪಡೆಯಬೇಕು. ಅರ್ಥ ಮಾಡಿಕೊಳ್ಳಿ: ಇಂದು ನೀವು ರಜೆಗೆ ಮಾನ್ವಿಗೆ ಬಂದು, ಕಾಲುವೆಯ ಮೇಲೆ ನಿಂತು, ನಾಲ್ಕು ರೈತರನ್ನು ಮಾತಾಡಿಸಿ ವರದಿ ಬರೆಯಬಹುದು. ಆ ಅರ್ಜಿ ಒಪ್ಪಿಗೆಯಾದ ಮೇಲೆ ಅದೇ ಕಾಲುವೆಯ ಮೇಲೆ ಅದೇ ಕೆಲಸಕ್ಕೆ ಅನುಮತಿ ಕೇಳಬೇಕು.

ಗಂಗಾವತಿ ಓದುಗ

ಹಾಗಾದರೆ ಅಪ್ಪನ ಗದ್ದೆಯೂ ಹೋಗುತ್ತದೆಯೇ? ಪೌರತ್ವ ಬಿಟ್ಟವರಿಗೆ ಜಮೀನು ಬರುವುದಿಲ್ಲ ಎಂದು ಕೇಳಿದ್ದೇನೆ.

ರಾಯಚೂರು ಕೋರ್ಟ್ ರಸ್ತೆ

ಇಲ್ಲ, ಅದು ತಪ್ಪು ತಿಳಿವಳಿಕೆ. ಕೃಷಿ ಜಮೀನನ್ನು ಅವರು ಕೊಳ್ಳುವಂತಿಲ್ಲ, ಆದರೆ ತಂದೆಯಿಂದ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಕೊಳ್ಳುವ ನಿರ್ಬಂಧ ಪೌರತ್ವ ಉಳಿಸಿಕೊಂಡ ಅನಿವಾಸಿ ಭಾರತೀಯರಿಗೂ ಇದೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಯಾರು ಬೇಕಾದರೂ ಕೊಳ್ಳಬಹುದೆಂದು ಹಲವರು ತಿಳಿದಿದ್ದಾರೆ, ಆದರೆ ಹೊರದೇಶದಲ್ಲಿ ನೆಲೆಸಿದವರಿಗೆ ವಿದೇಶಿ ವಿನಿಮಯದ ಕಾನೂನು ಬೇರೆಯಾಗಿ ಅನ್ವಯಿಸುತ್ತದೆ.

ಯಲಬುರ್ಗಾ ಹುಡುಗಿ

ಅಲ್ಲೇ ಇದ್ದು ಕನ್ನಡದಲ್ಲಿ ಕೆಲಸ ಮಾಡುವ ಸಂಸ್ಥೆ ಯಾವುದೂ ಇಲ್ಲವೇ? ಲಂಡನ್ನಿನ ಬಿಬಿಸಿಯಲ್ಲಿ ಕನ್ನಡ ವಿಭಾಗ ಇರಬೇಕಲ್ಲ?

ಎಡದಂಡೆಯವಳು

ಇಲ್ಲ ತಂಗಿ. ಬಿಬಿಸಿ 2017ರಲ್ಲಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಆರಂಭಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಾನು ಲಂಡನ್ನಿಗೆ ಬಂದದ್ದು ಅದೇ ವರ್ಷ. ನಮ್ಮ ಊರಿನಿಂದ ಆಚೆ ಆಂಧ್ರದ ಆದೋನಿಗೆ ಹೋದರೆ ಅಲ್ಲಿನವರ ಭಾಷೆಗೆ ಅಂತರರಾಷ್ಟ್ರೀಯ ಸುದ್ದಿಮನೆಯಲ್ಲಿ ಒಂದು ಮೇಜು ಸಿಕ್ಕಿತು, ಈಚೆಗಿನ ನಮಗೆ ಸಿಗಲಿಲ್ಲ ಎಂದು ಅಂದು ಬಹಳ ದುಃಖವಾಗಿತ್ತು. ಪರದೇಶದಲ್ಲಿ ಸುದ್ದಿ ತಿದ್ದಬೇಕೆಂದರೆ ಕನ್ನಡದವರು ತಮ್ಮ ಭಾಷೆಯನ್ನು ಮನೆಯಲ್ಲಿಟ್ಟು ಹೋಗಬೇಕು.

ರಾತ್ರಿ ಪಾಳಿಯ ತಾಯಿ

ಹೋಗದೆಯೂ ಬಿಡಬೇಕಾಗುತ್ತದೆ. 2004ರಲ್ಲಿ ರಾಯಿಟರ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದು ಅಮೆರಿಕದ ಕಂಪನಿಗಳ ಸುದ್ದಿಯನ್ನು ಅಲ್ಲಿಂದಲೇ ಬರೆಸಲು ಆರಂಭಿಸಿತು. ನನ್ನ ಮಗ ಬೆಂಗಳೂರಿನಲ್ಲಿ ಅಂಥದೇ ಒಂದು ಕೆಲಸ ಮಾಡುತ್ತಾನೆ, ರಾತ್ರಿಯೆಲ್ಲ ಅಮೆರಿಕದ ಸುದ್ದಿ. ಹಬ್ಬಕ್ಕೆ ಹೊಸಪೇಟೆಗೆ ಬಂದರೂ ಹಗಲು ಮಲಗಿರುತ್ತಾನೆ. ಅವನು ನಮ್ಮ ಮನೆಯಲ್ಲೇ ಇದ್ದಾಗಲೂ ದೂರದ ದೇಶದಲ್ಲಿದ್ದಂತೆ ನನಗೆ ತೋರುತ್ತದೆ.

ಮುನಿರಾಬಾದ್ ನಿವಾಸಿ

ಗೇಟು ಕೊಚ್ಚಿಹೋದ ಆ ರಾತ್ರಿ ನಾನು ಇಲ್ಲಿದ್ದೆ. ಅಣೆಕಟ್ಟಿನ ಎಡ ತುದಿ ನಮ್ಮ ಊರು, ಆದರೂ ಎಲ್ಲ ವರದಿಗಳಲ್ಲಿ ಹೊಸಪೇಟೆ ಎಂದೇ ಬರುತ್ತದೆ. ಅಕ್ಕ, ನೀವು ಏನೆಂದು ಹಾಕಿದಿರೋ ತಿಳಿಯದು.

ಮೊದಲು ಕೇಳಿದ್ದು ಸದ್ದು. ಪ್ರತಿ ಮಳೆಗಾಲದಲ್ಲೂ ಗೇಟು ತೆರೆದಾಗಿನ ಸದ್ದು ನಮಗೆ ಪರಿಚಿತ, ಇದು ಬೇರೆಯಾಗಿತ್ತು. ಅರ್ಧ ತಾಸಿನಲ್ಲಿ ಫೋನುಗಳು ಹತ್ತಿಕೊಂಡವು. ಕೆಳಗಿನ ಹಳ್ಳಿಯಲ್ಲಿರುವ ನನ್ನ ಅಕ್ಕ ಮಕ್ಕಳನ್ನು ಎತ್ತಿಕೊಂಡು, ಎಮ್ಮೆ ಬಿಚ್ಚಿಬಿಟ್ಟು ಗುಡ್ಡದ ಕಡೆ ನಡೆದಿದ್ದಳು. 'ಡ್ಯಾಮ್ ಒಡೆದಿದೆ' ಎಂಬ ಮೂರು ಬೇರೆ ಬೇರೆ ವಿಡಿಯೊ ಅವಳಿಗೆ ಬಂದಿದ್ದವು. ಅದರಲ್ಲಿ ಒಂದರಲ್ಲಿ ಕಂಡ ಅಣೆಕಟ್ಟು ನಮ್ಮದೇ ಅಲ್ಲ. ಒಂದೇ ಗೇಟು ಹೋಗಿದೆ, ಕಟ್ಟೆ ಗಟ್ಟಿಯಾಗಿದೆ ಎಂದು ಕನ್ನಡದಲ್ಲಿ ಎರಡು ಸಾಲು, ನಂಬಬಹುದಾದ ಜಾಗದಿಂದ, ರಾತ್ರಿ ಹನ್ನೆರಡಕ್ಕೆ ಅವಳ ಫೋನಿಗೆ ಬಂದಿದ್ದರೆ ಆ ಮಕ್ಕಳು ಮಳೆಯಲ್ಲಿ ಬೆಳತನಕ ಕೂರುತ್ತಿರಲಿಲ್ಲ. ಆ ಎರಡು ಸಾಲು ಆ ಹೊತ್ತಿಗೆ ಲಂಡನ್ನಿನಲ್ಲಿ ಇತ್ತು ಎಂದು ನಿಮ್ಮ ಬರಹ ಓದಿ ಇಂದು ತಿಳಿಯಿತು. ಕೋಪದಿಂದ ಹೇಳುತ್ತಿಲ್ಲ, ಆದರೆ ಓದಿದ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ಸ್ಟಾಪ್ ಲಾಗ್ ಎಂಬ ತಾತ್ಕಾಲಿಕ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ವಾರವೆಲ್ಲ ಜನ ಕಟ್ಟೆಯ ಕಡೆ ಮುಖ ಮಾಡಿಯೇ ಇದ್ದರು.

ಎಡದಂಡೆಯವಳು

'ಹೊಸಪೇಟೆ ಸಮೀಪ' ಎಂದೇ ಹಾಕಿದ್ದೆ. ನಿಮ್ಮ ಕೊಪ್ಪಳ ಜಿಲ್ಲೆಯ ಹೆಸರು ಕೊನೆಯ ಪ್ಯಾರಾದಲ್ಲಿತ್ತು, ಜಾಗ ಸಾಲದೆ ಅದನ್ನು ಕತ್ತರಿಸಿದ್ದೂ ನಾನೇ. ನಿಮ್ಮ ಅಕ್ಕನ ವಿಷಯ ಓದಿ ಉತ್ತರ ಬರೆಯಲು ಎರಡು ದಿನ ಬೇಕಾಯಿತು.

ಗಂಗಾವತಿ ಓದುಗ

ವಿಷಯ ಬಿಟ್ಟು ಒಂದು ಪ್ರಶ್ನೆ: ಲಂಡನ್ನಿನ ಅಂಗಡಿಯಲ್ಲಿ ನಮ್ಮ ಕಡೆಯ ಸೋನಾ ಮಸೂರಿ ಸಿಗುತ್ತದೆಯೇ?

ಎಡದಂಡೆಯವಳು

ಸೋನಾ ಮಸೂರಿ ಸಿಗುತ್ತದೆ. ಚೀಲದ ಮೇಲೆ ದೇಶದ ಹೆಸರಿರುತ್ತದೆ, ಊರಿನ ಹೆಸರಿರುವುದಿಲ್ಲ.

ತಾಲ್ಲೂಕು ವರದಿಗಾರ

ಬರಬೇಕೋ ಬೇಡವೋ ಎಂದು ಎಲ್ಲರೂ ಮಾತಾಡುತ್ತಿದ್ದೀರಿ, ಬಂದರೆ ಏನು ಸಿಗುತ್ತದೆ ಎಂದು ನಾನು ಹೇಳುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಹನ್ನೊಂದು ವರ್ಷದಿಂದ ಅರೆಕಾಲಿಕ ವರದಿಗಾರನಾಗಿದ್ದೇನೆ. ತಿಂಗಳಿಗೆ ಬರುವ ಗೌರವಧನ ಬೈಕಿನ ಪೆಟ್ರೋಲಿಗೆ ಸಾಲದು. ಹಬ್ಬ ಬಂದರೆ, ಶಾಸಕರ ಹುಟ್ಟುಹಬ್ಬ ಬಂದರೆ ಜಾಹೀರಾತು ತರಬೇಕು, ತಂದ ಮೇಲೆ ಅದೇ ಶಾಸಕರ ರಸ್ತೆಯ ಗುಂಡಿಯ ಬಗ್ಗೆ ಬರೆಯಬೇಕು. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ಬಂದು ಸರ್ಕಾರಿ ನೌಕರಿಯಲ್ಲಿ, ಕಾಲೇಜಿನ ಸೀಟಿನಲ್ಲಿ ಮೀಸಲಾತಿ ಸಿಕ್ಕಿತು, ಒಳ್ಳೆಯದಾಯಿತು. ಆದರೆ ಸುದ್ದಿಮನೆಗಳ ತೀರ್ಮಾನಗಳೆಲ್ಲ ಬೆಂಗಳೂರಿನಲ್ಲೇ ಆಗುತ್ತವೆ. ಮೇಡಂ ಅವರೇ, ನೀವು ನೌಕರಿ ಬಿಟ್ಟು ಬಂದು ನಮ್ಮ ಸಾಲಿನಲ್ಲಿ ಇನ್ನೊಬ್ಬರಾಗಿ ಕೂತರೆ ಯಾರಿಗೂ ಲಾಭವಿಲ್ಲ. ನಿಮ್ಮಲ್ಲಿರುವುದು ನಮ್ಮಲ್ಲಿಲ್ಲ: ಒಂದು ವಿಡಿಯೊ ನಿಜವೋ ಸುಳ್ಳೋ ಎಂದು ಹತ್ತು ನಿಮಿಷದಲ್ಲಿ ಪತ್ತೆ ಮಾಡುವ ಕೈ, ತಪ್ಪು ಶೀರ್ಷಿಕೆಗೆ ಬೇಡ ಎನ್ನುವ ಅಭ್ಯಾಸ. ಅದನ್ನು ಅಲ್ಲಿಂದಲೇ ಕೊಡಿ.

ಸಂಡೂರಿನ ಅಭಿಮಾನಿ

ಇದು ಸರಿ. ಅಲ್ಲಿಯ ಗೆಳೆಯರಿಂದ ಹಣ ಕೂಡಿಸಿ ಒಂದು ಕನ್ನಡ ತಾಣವನ್ನೇ ಆರಂಭಿಸಿ, ಹೂಡಿಕೆ ಅಲ್ಲಿಂದ, ವರದಿ ಇಲ್ಲಿಂದ.

ರಾಯಚೂರು ಕೋರ್ಟ್ ರಸ್ತೆ

ನಿಧಾನ. ಡಿಜಿಟಲ್ ಸುದ್ದಿಯಲ್ಲಿ ವಿದೇಶಿ ಹೂಡಿಕೆಗೆ 2019ರಿಂದ ಶೇ 26ರ ಮಿತಿ ಇದೆ, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಅಂತಹ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು ಭಾರತದ ಪೌರರೇ ಆಗಿರಬೇಕೆಂದು 2020ರಲ್ಲಿ ಸ್ಪಷ್ಟಪಡಿಸಿದ್ದಾರೆ. ಇದನ್ನೆಲ್ಲ ನೋಡಿದರೆ, ಅರ್ಜಿಯನ್ನು ಡ್ರಾಯರಿನಲ್ಲೇ ಬಿಡುವುದಕ್ಕೆ ನಿಮಗೆ ಕಾನೂನಿನ ಕಾರಣವೂ ಇದೆ. ಕಾಯಂ ವಾಸದ ಪರವಾನಗಿ ಇದ್ದರೆ ನೌಕರಿಗೆ ಪೌರತ್ವ ಬೇಕಿಲ್ಲವಷ್ಟೇ?

ಎಡದಂಡೆಯವಳು

ಬೇಕಿಲ್ಲ. ಸತತ ಎರಡು ವರ್ಷ ಹೊರಗಿದ್ದರೆ ಆ ಪರವಾನಗಿ ರದ್ದಾಗುತ್ತದೆ, ಅದೊಂದೇ ಭಯ. ಅಪ್ಪನಿಗೆ ಎಪ್ಪತ್ನಾಲ್ಕು, ದೀರ್ಘಕಾಲ ಬಂದು ಇರಬೇಕಾದ ದಿನ ಬರಬಹುದು.

ಕಾಯಂ ವಾಸಕ್ಕಾಗಿ ನಾನು ಈ ದೇಶದ ಬದುಕಿನ ಬಗ್ಗೆ ಒಂದು ಪರೀಕ್ಷೆ ಬರೆದೆ, 24 ಪ್ರಶ್ನೆಗಳಲ್ಲಿ 18 ಸರಿಯಾಗಬೇಕು. ಇಲ್ಲಿನ ರಾಜರ ವಂಶಾವಳಿ ಬಾಯಿಪಾಠ ಮಾಡಿ ಪಾಸಾದೆ. ಅದೇ ವಾರ ಅಪ್ಪ ಫೋನಿನಲ್ಲಿ ನಮ್ಮ ಕಾಲುವೆಯ 69ನೇ ಮೈಲಿನ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ಎಲ್ಲಿಯಾದರೂ ಬಂದಿದೆಯೇ ಎಂದು ಕೇಳಿದರು, ನನಗೆ ಹುಡುಕಲಾಗಲಿಲ್ಲ. ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಮೇಲ್ಭಾಗದವರು ನೀರು ಎಳೆದುಕೊಂಡರೆ ನಮ್ಮಲ್ಲಿ ನಾಟಿ ಒಣಗುತ್ತದೆ. ಜಗತ್ತಿನ ಸುದ್ದಿಯನ್ನು ತಿದ್ದುವವಳ ಬಳಿ ಆ ಒಂದು ಅಂಕಿ ಇರಲಿಲ್ಲ.

ಅರ್ಜಿಯನ್ನು ಈ ವರ್ಷ ಕಳುಹಿಸುವುದಿಲ್ಲ. ನೌಕರಿಯನ್ನೂ ಬಿಡುವುದಿಲ್ಲ. ಊರಿನ ಸುದ್ದಿಯನ್ನು ಇಲ್ಲಿಂದಲೇ ಕನ್ನಡದಲ್ಲಿ ಕೊಡಲು ನನ್ನ ಸಂಸ್ಥೆಯ ಒಪ್ಪಿಗೆ ಕೇಳಿದ್ದೇನೆ, ಸಂಬಳವಿಲ್ಲದ ಕೆಲಸವಾದರೆ ಅಡ್ಡಿಯಿಲ್ಲ ಎಂದಿದ್ದಾರೆ. ಮೊದಲು ವಾಟ್ಸ್‌ಆ್ಯಪ್ ಚಾನೆಲ್ ಮಾತ್ರ, ತಾಣದ ಮಾತು ಆಮೇಲೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಬಾರಿ: ಜಲಾಶಯದ ಮಟ್ಟ, ಒಳಹರಿವು, ಹೊರಹರಿವು, 69 ಮತ್ತು 104ನೇ ಮೈಲಿನ ಗೇಜ್. ವದಂತಿ ಹಬ್ಬಿದ ರಾತ್ರಿ ಅದನ್ನು ಪರೀಕ್ಷಿಸಿ ಎರಡೇ ಸಾಲು. ಊರಿನಲ್ಲಿ ರಾತ್ರಿ ಹನ್ನೆರಡಾದಾಗ ನನಗೆ ಬೇಸಿಗೆಯಲ್ಲಿ ಸಂಜೆ ಏಳೂವರೆ, ಎಚ್ಚರವಾಗಿರುವುದು ನನಗೆ ಕಷ್ಟವಲ್ಲ. ಆದರೆ ನೋಡಿ ಹೇಳುವ ಕಣ್ಣು ಅಲ್ಲಿ ಬೇಕು. ತಾಲ್ಲೂಕು ವರದಿಗಾರರೇ, ನಿಮ್ಮ ಪೆಟ್ರೋಲಿನ ಖರ್ಚು ನನ್ನದು, ಪ್ರತಿ ಸುದ್ದಿಯ ಕೆಳಗೆ ನಿಮ್ಮ ಹೆಸರು ಇರುತ್ತದೆ.

ತಾಲ್ಲೂಕು ವರದಿಗಾರ

ಒಪ್ಪಿದೆ. ಗೇಜ್ ಓದುವವರ ಪರಿಚಯ ನನಗಿದೆ. ಒಂದು ಮಾತು: ಅಧಿಕಾರಿಗಳು ಕೊಟ್ಟ ಅಂಕಿಯನ್ನೇ ಹಾಕಬಾರದು, ಗೇಜಿನ ಅಳತೆಪಟ್ಟಿಯ ಮೇಲೆ ನೀರು ನಿಂತ ಚಿತ್ರವನ್ನೂ ಹಾಕೋಣ.

ಹಳೆಯ ಉಪಸಂಪಾದಕ, ಬಳ್ಳಾರಿ

ನನಗೆ ನಿದ್ದೆ ಹೇಗೂ ಕಡಿಮೆ. ರಾತ್ರಿಯ ಪ್ರತಿಯನ್ನು ಕಳುಹಿಸುವ ಮುನ್ನ ಒಮ್ಮೆ ನನ್ನ ಕಣ್ಣಿಗೆ ಹಾಕಿ, ಊರಿನ ಹೆಸರುಗಳನ್ನು ನಾನು ನೋಡುತ್ತೇನೆ. ಮುನಿರಾಬಾದನ್ನು ಯಾರೂ ಕತ್ತರಿಸುವುದಿಲ್ಲ.

ದೇವದುರ್ಗದ ಮಗ

ಗುಳೆ ಹೋದವರೂ ಊರಿನ ನೀರಿನ ಸುದ್ದಿಗೇ ಕಾಯುತ್ತಿರುತ್ತಾರೆ ಅಕ್ಕ, ನೀರು ಬಂತೆಂದರೆ ಮರಳುವ ದಿನ ಗೊತ್ತಾಗುತ್ತದೆ. ಬೆಂಗಳೂರಿನ ಶೆಡ್ಡುಗಳಲ್ಲಿರುವ ನಮ್ಮವರಲ್ಲಿ ಓದು ಬಾರದವರು ಬಹಳ. ಬರಹದ ಜೊತೆಗೆ ದನಿಯಲ್ಲೂ ಹೇಳಿದರೆ ಅವರಿಗೂ ತಲುಪುತ್ತದೆ.

ಎಡದಂಡೆಯವಳು

ದನಿ ಸೇರಿಸುತ್ತೇನೆ. ಭಾನುವಾರ ಸಂಜೆ ಏಳಕ್ಕೆ ಎಲ್ಲರೂ ಫೋನಿನಲ್ಲಿ ಸಿಗೋಣ, ಇಲ್ಲಿ ಆಗ ಮಧ್ಯಾಹ್ನ ಎರಡೂವರೆ. ನಿನ್ನೆ ಪ್ರಯೋಗಕ್ಕೆಂದು ನಾಲ್ಕು ಸಾಲು ಬರೆದು ಅಣ್ಣನ ಫೋನಿಗೆ ಕಳುಹಿಸಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿ ವಾಪಸು ಫೋನ್ ಮಾಡಿದರು: "69ನೇ ಮೈಲಿನ್ದು ಸರಿ ಐತಿ. ನಮ್ಮ ಉಪಕಾಲುವಿದು ಹಾಕಿಲ್ಲಲ್ಲವ್ವಾ, ಅದನ್ನೂ ಹಾಕು."